ರೆಪ್ಪೆಯ ಮೇಲಿನ ಅರಿಶಿನ

ಅವರು ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ಮೊದಲು ಮಾಡಿದ್ದು ಅಳುವ ಕೆಲಸವಲ್ಲ. ಸಾಸ್ವೆಹಳ್ಳಿಯಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿ, "ರಾತ್ರಿ ಮಾತ್ರೆ ತಗಂಡ್ಯೋ ಇಲ್ವೋ?" ಎಂದು ಗದರಿದೆ. "ತಗಂಡೀನಿ ಕಣೇ, ಬೆಳಬೆಳಗ್ಗೆ ಏನಾತು ನಿಂಗೆ?" ಎಂದ. ಆಮೇಲೆ ವಿಷಯ ಹೇಳಿದೆ. ಹಿಂದುಗಡೆ ಎಮ್ಮೆ ಕೂಗಿದ್ದು ಕೇಳಿಸಿತು. "ಹೋಗಾಣ. ನೀನು ಹೊನ್ನಾಳಿ ಬಸ್‌ಸ್ಟ್ಯಾಂಡ್‌ನಾಗೆ ನಿಂತಿರು, ನಾ ಬರ್ತೀನಿ" ಎಂದು ಇಟ್ಟುಬಿಟ್ಟ.

ಅವರ ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರೇ ಬೈಯುತ್ತಿದ್ದರು. ಊರಲ್ಲಿ ಯಾರ ರಕ್ತದಲ್ಲಿ ಏನಿದೆ ಎಂದು ಗೊತ್ತಿದ್ದರೂ ಒಬ್ಬರ ಹೆಸರನ್ನೂ ಇನ್ನೊಬ್ಬರ ಮುಂದೆ ಬಾಯಿಬಿಡದ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ನಾನು ಹೊನ್ನಾಳಿಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದು ಮನೆಗಳ ಒಂದು ಸಾಲಿನಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆ ಅಕ್ಕನದು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಕುಳ್ಳಗಿನ ದೇಹ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಮಾತಾಡಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಂಥ ದನಿ. ಅಡುಗೆ ಮಾತ್ರ ಬಾಯಿಗಿಡುವ ಹಾಗಿರಲಿಲ್ಲ. ಅವರ ಸಾರಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂದು ತಿಳಿಯಲು ಎರಡನೇ ಸಲ ಬಡಿಸಿಕೊಳ್ಳಬೇಕಾಗುತ್ತಿತ್ತು. ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಸದಾ ಗೊರಗುಡುವ ಒಂದು ರೇಡಿಯೋ. ದೇವರ ಮನೆ ಇರಲಿಲ್ಲ.

ಹುಟ್ಟಿದ್ದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ. ನೌಕರಿ ಶುರುವಾಗಿದ್ದು ಚನ್ನಗಿರಿಯಲ್ಲಿ, ಆಮೇಲೆ ನ್ಯಾಮತಿ, ಆಮೇಲೆ ಹೊನ್ನಾಳಿ. ತವರೂ ಸೇರಿ ನಾಲ್ಕು ತಾಲ್ಲೂಕಿನ ಜನರ ರಕ್ತ ನೋಡಿದ ಜಂಬ ಅವರಿಗಿತ್ತು. "ಊರು ಯಾವ್ದು ಅಂತ ರಕ್ತದಾಗೆ ಹೇಳಿಬಿಡ್ತೀನಿ ಟೀಚರ್ರೇ" ಎನ್ನುತ್ತಿದ್ದರು. "ಚನ್ನಗಿರಿ ಕಡೆಯೋರು ತೋಟ ಆದ್ಮೇಲೆ ನಡೆಯಾದು ಬಿಟ್ರು, ಅವ್ರ ರಕ್ತನೂ ನಡೆಯಾದು ಬಿಡ್ತು. ನ್ಯಾಮತಿಯೋರು ಔಷಧಿ ಬರ್ಕೊಟ್ರೆ ಮೊದ್ಲು ನೆಂಟರನ್ನ ಕೇಳ್ತಾರೆ, ಆಮೇಲೆ ನುಂಗ್ತಾರೆ. ನಮ್ ಜಗಳೂರಿನಾಗೆ ಸಜ್ಜೆ ರೊಟ್ಟಿ, ಹುರುಳಿಕಾಳು, ಮೈಮುರಿ ಗೇಮೆ. ಆ ಬೀಡಿ ಒಂದಿಲ್ದಿದ್ರೆ ಒಬ್ರೂ ಸಾಯ್ತಿರ್ಲಿಲ್ಲ."

"ಹೊನ್ನಾಳಿಯೋರು?"

"ನಿಮಗೆ ಮಿರ್ಚಿ ಇಲ್ದೆ ಸೂರ್ಯ ಮುಳುಗಾಕಿಲ್ಲ ಬಿಡ್ರಿ."

ಇದರಲ್ಲಿ ವಿಜ್ಞಾನವೆಷ್ಟು, ತವರಿನ ಅಭಿಮಾನವೆಷ್ಟು ಎಂದು ಲೆಕ್ಕ ಹಾಕಲು ನಾನು ಹೋಗಲಿಲ್ಲ. ಯಾಕೆಂದರೆ ಮಂಡಕ್ಕಿ ಮಿರ್ಚಿ ಎಂದರೆ ಅವರಿಗೂ ಪ್ರಾಣ. ತಿಂಗಳಿಗೊಂದು ಶನಿವಾರ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಗಾಡಿಯ ಹತ್ತಿರ ಹೋದವರೇ ಮೊದಲು ಬಾಣಲೆಗೆ ಬಗ್ಗಿ ನೋಡುವುದು. ಎಣ್ಣೆ ಕಪ್ಪಗಿದ್ದರೆ, "ಇದು ಎಷ್ಟು ದಿನದ್ದು?" ಎಂದು ಎಲ್ಲರೆದುರು ಕೇಳುವುದು. ಗಾಡಿಯವನು ಕೊನೆಕೊನೆಗೆ ಅವರು ರಸ್ತೆಯ ಆ ತುದಿಯಲ್ಲಿ ಕಂಡ ಕೂಡಲೇ ಎಣ್ಣೆ ಬದಲಿಸಲು ಶುರುಮಾಡಿದ. "ದಿನಾ ತಿಂದ್ರೆ ಅದು ಚಟ, ತಿಂಗ್ಳಿಗೊಂದಪ ತಿಂದ್ರೆ ಹಬ್ಬ" ಎಂದು ಎರಡನೆಯ ಪ್ಲೇಟಿಗೆ ಕೈಹಾಕುತ್ತಿದ್ದರು. ಹಬ್ಬದ ದಿನ ಎರಡು ಪ್ಲೇಟು ತಿನ್ನಬಹುದು ಎಂಬುದು ಅವರೇ ಮಾಡಿಕೊಂಡ ಕಾನೂನು.

ಅವರ ಲ್ಯಾಬಿನ ಕಥೆಗಳು ನಮ್ಮ ಸಾಲುಮನೆಯವರಿಗೆ ಸಂಜೆಯ ಮನರಂಜನೆ. ಹೆಸರಿಲ್ಲದ ಕಥೆಗಳು. ಕೊಲೆಸ್ಟ್ರಾಲ್ ಪರೀಕ್ಷೆಗೆ ಬರುವವರಿಗೆ ಡಾಕ್ಟರು ಉಪವಾಸ ಇದ್ದು ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮ ಕಡೆ ಉಪವಾಸವೆಂದರೆ ಅನ್ನ ಮುಟ್ಟಬಾರದು ಅಷ್ಟೇ ತಾನೆ? ಒಂದು ದಿನ ವಯಸ್ಸಾದ ಗಂಡಹೆಂಡತಿ ಬಂದು ಕೂತರು. "ಏನಾದ್ರೂ ತಿಂದೀರಾ?" ಎಂದು ಅಕ್ಕ ಕೇಳಿದ್ದಕ್ಕೆ ಯಜಮಾನರಿಗೆ ಸಿಟ್ಟೇ ಬಂತಂತೆ. "ಕಟ್ಟುನಿಟ್ಟು ಉಪಾಸ ಕಣಮ್ಮ. ನಾಕು ಬಾಳೆಹಣ್ಣು, ಒಂದೀಟು ಅವಲಕ್ಕಿ ಉಪ್ಪಿಟ್ಟು, ಒಂದು ಲೋಟ ಗಟ್ಟಿ ಹಾಲು. ಬ್ಯಾರೆ ಏನಾದ್ರೂ ಮುಟ್ಟಿದ್ರೆ ಕೇಳು!" ಅಂದಿನಿಂದ ಅಕ್ಕ ಉಪವಾಸ ಎಂಬ ಮಾತನ್ನೇ ಬಿಟ್ಟರು. "ರಾತ್ರಿ ಉಂಡ ಮೇಲೆ ಬಾಯಿಗೆ ನೀರು ಬಿಟ್ಟು ಇನ್ನೇನೂ ಹಾಕಂಗಿಲ್ಲ. ಪ್ರಸಾದನೂ ಇಲ್ಲ" ಎನ್ನುತ್ತಿದ್ದರು. ಒಬ್ಬ ಅಜ್ಜಿ "ತೀರ್ಥ?" ಎಂದು ಕೇಳಿತಂತೆ. ಅದಕ್ಕೆ ಮಾತ್ರ ಅಪ್ಪಣೆ ಕೊಟ್ಟರು.

ರಕ್ತ ತೆಗೆದ ಮೇಲೆ ಕೆಲವರನ್ನು ಕೂರಿಸಿಕೊಂಡು, ಮಷಿನ್ನಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಕೆಲವರದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. "ನೋಡ್ರಿ, ಇದು ನಿಮ್ಮ ಮನೆ ಡೈರಿ" ಎನ್ನುತ್ತಿದ್ದರು. ಆದರೆ ಆ ಬೆನ್ನಿಗೇ ಎಚ್ಚರಿಕೆಯೂ ಬರುತ್ತಿತ್ತು: ತಿಳಿ ಸ್ವಚ್ಛವಾಗಿ ಕಂಡರೆ ಬಚಾವು ಎಂದಲ್ಲ, ಕೆಟ್ಟ ಕೊಲೆಸ್ಟ್ರಾಲು ಕಣ್ಣಿಗೆ ಕಾಣದೆ ಕೂತಿರುತ್ತದೆ. ಒಳ್ಳೆಯದು, ಕೆಟ್ಟದ್ದು ಎಂದರೇನು ಎಂದು ನಾನು ಕೇಳಿದಾಗ ಹೊರಗೆ ಹೋಗುತ್ತಿದ್ದ ಕಸದ ಗಾಡಿ ತೋರಿಸಿದರು. "ಒಂದು ಗಾಡಿ ತಂದು ಓಣಿಯಾಗೆ ಸುರಿದು ಹೋಗ್ತೈತೆ, ಇನ್ನೊಂದು ಗಾಡಿ ಎತ್ಕೊಂಡು ಹೋಗ್ತೈತೆ. ಸುರಿಯೋ ಗಾಡಿ ಜಾಸ್ತಿಯಾದ್ರೆ ಓಣಿ ಕಟ್ಕೋತೈತೆ. ಓಣಿ ಅಂದ್ರೆ ಎದೆ ರಕ್ತನಾಳ. ಅಷ್ಟೇ." ಹಾಗಾದರೆ ತುಪ್ಪ ಮೊಟ್ಟೆ ಬಿಟ್ಟರೆ ಸರಿಹೋಗುತ್ತದಾ ಎಂದೆ. "ಊಟ ನೋಡ್ಕಬೇಕು, ನಡೀಬೇಕು, ಬೀಡಿ ಬಿಡಬೇಕು, ಎಲ್ಲಾ ಹೌದು. ಆದ್ರೆ ಅದನ್ನ ಜಾಸ್ತಿ ತಯಾರು ಮಾಡಾದು ನಮ್ಮ ಪಿತ್ತಕೋಶದ ಮಗ್ಗುಲಲ್ಲಿರೋ ಲಿವರ್ರೇ. ಕೆಲವು ಮನೆತನದಾಗೆ ಹುಟ್ಟಿದಾಗ್ಲಿಂದ ಆ ಎತ್ಕೊಂಡು ಹೋಗೋ ಕೆಲ್ಸನೇ ಸರಿಯಾಗಿ ನಡಿಯಾಕಿಲ್ಲ. ಅಂಥೋರು ಬರೀ ಗಂಜಿ ಕುಡಿದ್ರೂ ಏರ್ತೈತೆ. ಅವ್ರಿಗೆ ಮಾತ್ರೆ ಬೇಕೇ ಬೇಕು."

ಹೇಳಿ ನನ್ನನ್ನೇ ನೋಡಿದರು. ನನ್ನನ್ನು ಎಂದರೆ ನನ್ನ ಮುಖವನ್ನಲ್ಲ, ರೆಪ್ಪೆಗಳನ್ನು.

ಇದು ಅವರ ಇನ್ನೊಂದು ಚಾಳಿ. ಯಾರು ಸಿಕ್ಕರೂ ಮೊದಲು ರೆಪ್ಪೆ, ಆಮೇಲೆ ಕೈಗೆಣ್ಣು, ಆಮೇಲೆ ಹಿಮ್ಮಡಿಯ ಮೇಲಿನ ದಪ್ಪ ನರ. ರಕ್ತದಲ್ಲಿ ಹೆಚ್ಚಾದ ಕೊಲೆಸ್ಟ್ರಾಲು ಗಂಟಾಗಿ ಹೊರಗೆ ಕಾಣುವುದು ಈ ಮೂರು ಕಡೆಯಂತೆ. ಮದುವೆಮನೆಯಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಜನರ ಹಿಮ್ಮಡಿ ಕಾಣುವ ಜಾಗ ಅದೊಂದೇ. ಅನುಮಾನ ಬಂದರೆ ಹತ್ತಿರ ಹೋಗಿ, "ನಿಮ್ಮ ತಂದೆ ಅದಾರಾ? ಎಷ್ಟಕ್ಕೆ ಹೋದ್ರು?" ಎಂದು ಕೇಳಿಬಿಡುವುದು. ಮಂಗಳಕಾರ್ಯದಲ್ಲಿ ಇಂಥ ಮಾತು! ನನಗೆ ಎಷ್ಟೋ ಸಲ ಭೂಮಿ ಬಾಯಿಬಿಡಬಾರದೆ ಅನಿಸಿದೆ. ಇದೆಲ್ಲ ಯಾಕೆ ಎಂದು ಒಮ್ಮೆ ರೇಗಿ ಕೇಳಿದ್ದಕ್ಕೆ ಚನ್ನಗಿರಿಯ ಕಥೆ ಹೇಳಿದರು. ಉಬ್ರಾಣಿ ಕಡೆಯ ಒಬ್ಬ ರೈತ, ಇನ್ನೂ ನಲವತ್ತಾಗಿರಲಿಲ್ಲ, ಎರಡು ಸಲ ರಕ್ತ ಕೊಟ್ಟಿದ್ದ. ಎರಡು ಸಲವೂ ಅಂಕಿ ಎತ್ತರದಲ್ಲಿತ್ತು, ರೆಪ್ಪೆಯ ಮೇಲೆ ಹಳದಿ ಇತ್ತು. ರಿಪೋರ್ಟ್ ಕೊಡುವುದಷ್ಟೇ ತನ್ನ ಕೆಲಸ ಎಂದು ಇವರು ಸುಮ್ಮನಿದ್ದರು. ಆತ ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡವನು ಡಾಕ್ಟರಿಗೆ ತೋರಿಸಲೇ ಇಲ್ಲ. ಮೂರು ತಿಂಗಳಾದ ಮೇಲೆ ಹೆಂಡತಿ ಅದೇ ಕಾಗದ ಹಿಡಿದು ಬಂದು, ಇದರಲ್ಲಿ ಏನು ಬರೆದಿತ್ತು ಎಂದು ಕೇಳಿದಳಂತೆ. "ಏನು ಹೇಳಾಕೆ ಆಗ್ತೈತೆ ಹೇಳ್ರಿ" ಎಂದರು ಅಕ್ಕ. ಆಮೇಲೆ ರೇಡಿಯೋ ಜೋರು ಮಾಡಿದರು.

ಈಗ ನನ್ನ ಮನೆಯ ವಿಷಯ ಹೇಳಬೇಕು. ಸಾಸ್ವೆಹಳ್ಳಿಯಲ್ಲಿ ನಮ್ಮದು ಭಂಡಾರದವರ ಮನೆ. ಭಂಡಾರ ಎಂದರೆ ದೇವಿಯ ಅರಿಶಿನಪುಡಿ. ನಮ್ಮ ಮನೆತನದ ಕೆಲವರಿಗೆ ಮೂವತ್ತರ ಆಸುಪಾಸಿನಲ್ಲಿ ಕಣ್ಣಿನ ಒಳಮೂಲೆಯಲ್ಲಿ, ರೆಪ್ಪೆಯ ಮೇಲೆ, ಕಡಲೆಬೇಳೆಯಷ್ಟು ಹಳದಿ ಮಚ್ಚೆ ಏಳುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಮನೆದೇವರಾದ ಅಮ್ಮ ತಾನೇ ಬೆರಳದ್ದಿ ಹಚ್ಚಿದ ಅರಿಶಿನವದು ಎಂಬುದು ಹಿರಿಯರ ನಂಬಿಕೆ. ಮಚ್ಚೆ ಎದ್ದವನಿಗೇ ವರ್ಷಕ್ಕೊಮ್ಮೆ ಮನೆದೇವರ ಹಬ್ಬದಲ್ಲಿ ಭಂಡಾರದ ಚೀಲ ಹೊರುವ ಹಕ್ಕು. ಅಪ್ಪನಿಗಿತ್ತು. ಚಿಕ್ಕಪ್ಪನಿಗಿತ್ತು. ತಾತನಿಗೂ ಇತ್ತಂತೆ. ಅಪ್ಪ ನಲವತ್ತನಾಲ್ಕಕ್ಕೆ ಹೋದರು, ಗದ್ದೆಯಿಂದ ಬಂದು ಎದೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಚಿಕ್ಕಪ್ಪ ನಲವತ್ತೊಂದಕ್ಕೆ. ತಾತನಿಗೆ ನಲವತ್ತು ತುಂಬಿತ್ತೋ ಇಲ್ಲವೋ. ಬೇಕಾದವರನ್ನು ಅಮ್ಮ ಬೇಗ ಕರೆಸಿಕೊಳ್ಳುತ್ತಾಳೆ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಸಮಾಧಾನವೇನು, ಒಳಗೊಳಗೆ ಹೆಮ್ಮೆಯೂ ಇತ್ತು. ಅಣ್ಣನ ರೆಪ್ಪೆಯ ಮೇಲೆ ಹಳದಿ ಎದ್ದ ವರ್ಷ ಅವ್ವ ಊರಿಗೆಲ್ಲ ಹೋಳಿಗೆ ಬಡಿಸಿದ್ದಳು. ನಾನು ಬಿ.ಎಡ್ ಓದಿದವಳು, ಆ ಹೋಳಿಗೆಗೆ ತುಪ್ಪ ಬಡಿಸಿದವಳೂ ನಾನೇ.

ಅವ್ವ ಮತ್ತು ಅಣ್ಣ ಒಂದು ಸಂಜೆ ನನ್ನ ಬಾಡಿಗೆ ಮನೆಗೆ ಅಕ್ಕಿ, ತೆಂಗಿನಕಾಯಿ ತಂದುಕೊಡಲು ಬಂದರು. ಅಣ್ಣನಿಗಾಗ ಮೂವತ್ತೊಂಬತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನ ಹಿಮ್ಮಡಿಯನ್ನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ನೋಡಿದರು. ಎದ್ದು ಬಂದು ರೆಪ್ಪೆಯನ್ನೂ ನೋಡಿದರು. "ತಮ್ಮಾ, ನಿಮ್ಮ ತಂದೆ ಎಷ್ಟಕ್ಕೆ ಹೋದ್ರು?" ಎಂದರು. ಹೇಳಿದ. "ನಾಳೆ ಬೆಳಗ್ಗೆ ಏನೂ ತಿನ್ನದೆ ಲ್ಯಾಬಿಗೆ ಬಾ. ಇದು ರೋಗದ ಗುರುತು."

ಅವ್ವ ತಂದಿದ್ದ ಚೀಲವನ್ನು ಧಪ್ಪನೆ ಇಟ್ಟಳು. "ಏನಂದೆ? ನಮ್ಮಮ್ಮ ಹಚ್ಚಿದ ಅರಿಶಿನಕ್ಕೆ ರೋಗ ಅಂತೀಯ? ಯಾರ ಮನೆಯಾಕೆ ಯಾರ ದೇವ್ರ ಬಗ್ಗೆ ಮಾತಾಡ್ತಿದೀಯ?" ಎಂದು ಸಾಲುಮನೆಯೆಲ್ಲ ಕೇಳುವ ಹಾಗೆ ಕೂಗಿದಳು. ಯಾರ ಮನೆಯಾಕೆ ಎಂಬುದಕ್ಕೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮನೆಯಲ್ಲಿ ನೀರು ಕುಡಿಯದವರೇ ಲ್ಯಾಬಿನಲ್ಲಿ ಅವರ ಮುಂದೆ ತೋಳು ಚಾಚುತ್ತಿದ್ದರು. ಅಕ್ಕ ಎದುರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅಷ್ಟೇ ಅಲ್ಲ, ಮುಂದಿನ ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟೆ. ನಮ್ಮ ದೇವರನ್ನು ಅಂದರು ಎಂಬ ಸಿಟ್ಟು ಒಂದು ಕಡೆ; ಅಪ್ಪನ ಸಾವಿಗೆ ದೇವಿಯ ಕರೆ ಕಾರಣವಲ್ಲ ಎಂದಾದರೆ ಅವರನ್ನು ಉಳಿಸಿಕೊಳ್ಳಬಹುದಿತ್ತು ಎಂದಾಗುತ್ತದಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಅಕ್ಕ ಬಿಡುವ ಆಸಾಮಿಯಲ್ಲ. ಒಂದು ಭಾನುವಾರ ಬಸ್ ಹಿಡಿದು ತಾವೇ ಸಾಸ್ವೆಹಳ್ಳಿಗೆ ಹೋಗಿ ನಮ್ಮ ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ನಾನೂ ಅಂದು ಊರಲ್ಲಿದ್ದೆ. ಮನೆ ತುಂಬ ಸ್ಟೀಲ್ ಲೋಟಗಳಿದ್ದರೂ ಅವ್ವ ಅವರಿಗೆ ಚಹಾ ಕೊಟ್ಟದ್ದು ಕಾಗದದ ಲೋಟದಲ್ಲಿ. ಅಕ್ಕ ಊದಿ ಊದಿ ಕುಡಿದರು. "ಅವ್ವಾರೇ, ನಾನು ಜಗಳಾಡಾಕೆ ಬಂದಿಲ್ಲ. ಅಮ್ಮ ಯಾರ್‍ಯಾರಿಗೆ ಅರಿಶಿನ ಹಚ್ಚಿದ್ಲು, ಹೇಳ್ರಿ ಕೇಳ್ತೀನಿ" ಎಂದರು. ಅವ್ವನಿಗೆ ಅದು ಇಷ್ಟದ ವಿಷಯ. ಮಾವ, ಗಂಡ, ಮೈದುನ, ದಾವಣಗೆರೆಗೆ ಕೊಟ್ಟಿದ್ದ ನಾದಿನಿ, ಎಲ್ಲರ ಹೆಸರನ್ನೂ ಹೇಳಿದಳು. ಒಂದೊಂದು ಹೆಸರಿಗೂ ಅಕ್ಕ ಸಣ್ಣ ದನಿಯಲ್ಲಿ "ಎಷ್ಟಕ್ಕೆ?" ಎನ್ನುತ್ತಿದ್ದರು. ನಲವತ್ತು. ನಲವತ್ತನಾಲ್ಕು. ನಲವತ್ತೊಂದು. ನಲವತ್ತೆಂಟು. ಅವ್ವ ತಾನೇ ಹೇಳುತ್ತ ಹೇಳುತ್ತ ನಿಧಾನವಾದಳು. ಅರಿಶಿನವಿಲ್ಲದ ದೊಡ್ಡಪ್ಪ ಎಂಬತ್ತು ದಾಟಿ ಒಳಗೆ ಕೆಮ್ಮುತ್ತಿದ್ದ.

ಆಗ ಅಕ್ಕ ಹೇಳಿದ್ದು: "ಕರ್ಕೊಳ್ಳಾದೇ ಆಗಿದ್ರೆ ಅಮ್ಮ ಸುಮ್ನೆ ಕರ್ಕೊಂಬಿಡ್ತಿದ್ಲು ಕಣ್ರೀ. ಮುಖದ ಮ್ಯಾಲೆ ಗುರುತು ಯಾಕೆ ಹಾಕ್ತಿದ್ಲು? ಇವ್ನಿಗೆ ಒಳಗೆ ತೊಂದ್ರೆ ಐತೆ, ಇವ್ನನ್ನ ನೋಡ್ಕಳ್ರಿ ಅಂತ ನಿಮಗೆ ತೋರಿಸ್ತಾ ಅವ್ಳೆ. ಮೂರು ತಲೆಮಾರಿನಿಂದ ತೋರಿಸ್ತಾ ಅವ್ಳೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಎದ್ದು ಹೋದಳು. ಮರುದಿನ ಬೆಳಗ್ಗೆ ಅಣ್ಣನನ್ನು ಖಾಲಿ ಹೊಟ್ಟೆಯಲ್ಲಿ ಬಸ್ಸಿಗೆ ಹತ್ತಿಸಿದವಳು ಅವಳೇ. ಆ ಭಾನುವಾರ ಸಂಜೆ ವಾಪಸ್ ಹೊನ್ನಾಳಿಗೆ ಬರುವಾಗ ಬಸ್ಸಿನಲ್ಲಿ ನಾನು ಅಕ್ಕನನ್ನು ಕೇಳಿದೆ, ಎರಡು ತಿಂಗಳ ಮೇಲೆ ಮೊದಲ ಮಾತು: "ಅಕ್ಕಾ, ನೀವು ದೇವರನ್ನ ನಂಬಲ್ಲವಲ್ಲ?"

"ನಾ ನಂಬಾಕಿಲ್ಲ. ನಿಮ್ಮವ್ವ ನಂಬ್ತಾರಲ್ಲ. ಮಾತ್ರೆ ನುಂಗಬೇಕಾಗಿರೋನು ಅವ್ರ ಮಗ" ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು.

ಅಣ್ಣನ ರಕ್ತದ ತಿಳಿ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಕೆಟ್ಟ ಕೊಲೆಸ್ಟ್ರಾಲಿನ ಅಂಕಿ ಮಾತ್ರ ಇರಬೇಕಾದ್ದರ ಎರಡು ಪಟ್ಟಿಗೂ ಮೀರಿತ್ತು. ಒಣಕಲು ಕಡ್ಡಿಯಂಥ ಮನುಷ್ಯ, ದಿನವಿಡೀ ಗದ್ದೆಯಲ್ಲಿ ದುಡಿಯುವವನು, ಬೀಡಿ ಇಲ್ಲ, ಕುಡಿತವಿಲ್ಲ. ಡಾಕ್ಟರು ಮನೆಯವರೆಲ್ಲರ ರಕ್ತ ನೋಡಬೇಕೆಂದರು. ನನ್ನದು ಸರಿಯಿತ್ತು. ಅಣ್ಣನ ಮಗನದು ಸರಿ, ಎಂಟು ವರ್ಷದ ಮಗಳದು ಸರಿಯಿರಲಿಲ್ಲ. "ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಯಾರ ತಪ್ಪೂ ಅಲ್ಲ" ಎಂದು ಅಕ್ಕ ಅತ್ತಿಗೆಯ ಬೆನ್ನು ಸವರಿದರು.

ಮಾತ್ರೆ ಶುರುವಾಯಿತು. ಅಂಕಿ ಇಳಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ರೆಪ್ಪೆಯ ಮೇಲಿನ ಹಳದಿಯೂ ಮಾಸುತ್ತ ಬಂತು. ಅದು ಮಾಸಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಊರಲ್ಲಿ ಗುಸುಗುಸು ಎದ್ದಿತು. ಅಮ್ಮ ಆ ಮನೆಯ ಕೈಬಿಟ್ಟಳು ಎಂದರು. ಮಚ್ಚೆಯಿಲ್ಲದವನು ಭಂಡಾರದ ಚೀಲ ಹೊರಬಹುದೇ ಎಂದು ದಾಯಾದಿಗಳು ಕೇಳಿದರು. ಅಣ್ಣ ಯಾರೊಂದಿಗೂ ಜಗಳವಾಡುವವನಲ್ಲ. ಮನೆದೇವರ ಹಬ್ಬಕ್ಕೆ ಎಂಟು ತಿಂಗಳಿರುವಾಗ ಅವನು ಸುಮ್ಮನೆ ಮಾತ್ರೆ ನಿಲ್ಲಿಸಿಬಿಟ್ಟ. ಮಾತ್ರೆ ಬಿಟ್ಟರೆ ಅರಿಶಿನ ಮತ್ತೆ ಏಳುತ್ತದೆ ಎಂದು ಅವನ ಎಣಿಕೆ. ತಿಂಗಳು ತಿಂಗಳು ಮಾತ್ರೆ ತಂದು ನೆಲ್ಲಿನ ಚೀಲಗಳ ಹಿಂದೆ ಬಚ್ಚಿಡುತ್ತಿದ್ದ. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ರೆಪ್ಪೆ ಸವರಿಕೊಳ್ಳುತ್ತಿದ್ದನಂತೆ. ಅತ್ತಿಗೆ ಅದನ್ನು ನೋಡಿ, ಈ ವಯಸ್ಸಿನಲ್ಲಿ ಇದೇನು ಸಿಂಗಾರ ಎಂದು ನಕ್ಕಿದ್ದಳು.

ಹಬ್ಬಕ್ಕೆ ಹನ್ನೆರಡು ದಿನವಿರುವಾಗ ಗದ್ದೆಯ ಬದುವಿನ ಮೇಲೆ ಕುಸಿದ. ಆಗ ಅವನಿಗೆ ನಲವತ್ತಮೂರು.

ಪುಣ್ಯಕ್ಕೆ ಪಕ್ಕದ ಗದ್ದೆಯಲ್ಲಿ ಟ್ರಾಕ್ಟರ್ ಇತ್ತು. ಹೊನ್ನಾಳಿಗೆ ತಂದು, ಅಲ್ಲಿಂದ ಶಿವಮೊಗ್ಗಕ್ಕೆ ಒಯ್ದು, ಕಟ್ಟಿಕೊಂಡಿದ್ದ ನಾಳಕ್ಕೆ ಸ್ಟೆಂಟ್ ಹಾಕಿದರು. ಅಕ್ಕ ಎರಡು ದಿನ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಜೊತೆ ಕೂತಿದ್ದರು. ನೆಲ್ಲಿನ ಚೀಲದ ಹಿಂದಿನ ಮಾತ್ರೆಗಳ ವಿಷಯ ಅತ್ತಿಗೆ ಹೇಳಿದಾಗ ನಾನು ಅಣ್ಣನನ್ನು ಬೈಯಲು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. "ಅವ್ನಿಗೆ ಬೈಬ್ಯಾಡ್ರಿ. ಅರಿಶಿನ ಮಾಸಿದ್ರೆ ಒಳ್ಳೇ ಲಕ್ಷಣ ಅಂತ ನಾನು ಮೊದ್ಲೇ ಹೇಳಬೇಕಾಗಿತ್ತು. ಅಂಕಿ ನೋಡಿದೆ, ಅವ್ನ ಊರು ನೋಡ್ಲಿಲ್ಲ. ತಪ್ಪು ನಂದು" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರ ಫ್ಲಾಸ್ಕಿನ ಚಹಾವನ್ನು ಅವರದೇ ಲೋಟದಲ್ಲಿ ಅವ್ವ ಕುಡಿದಳು. ಆಮೇಲೆ ಊರಿಗೆ ಬಂದಾಗೆಲ್ಲ ಅಕ್ಕನಿಗೆ ಸ್ಟೀಲ್ ಲೋಟ ಬಂತು. ಕಾಗದದ ಲೋಟವನ್ನೂ ಸ್ಟೀಲ್ ಲೋಟವನ್ನೂ ಅವರು ಗಮನಿಸಿದ್ದರು, ಏನೂ ಅನ್ನಲಿಲ್ಲ. ಒಂದು ಮಾತು ಅಂದಿದ್ದರೆ ನಮಗೆ ಒಳ್ಳೆಯದಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆ ವರ್ಷದ ಹಬ್ಬದಲ್ಲಿ ಭಂಡಾರದ ಚೀಲ ದಾಯಾದಿಯ ಹೆಗಲಿಗೆ ಹೋಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಅವ್ವ ಕುಲಸ್ಥರ ಮುಂದೆ ಎದ್ದು ನಿಂತು, "ಅಮ್ಮ ಹಚ್ಚಿದ್ದನ್ನ ಅಮ್ಮನೇ ಒರೆಸಿದ್ಲು. ನನ್ ಮಗನ್ನ ಬಿಟ್ಟು ಹೋಗು ಅಂತ ಸಾವಿಗೆ ಹೇಳಿ ಒರೆಸಿದ್ಲು. ಈ ಚೀಲ ಹೊರಾಕೆ ಇನ್ನೇನು ಗುರುತು ಬೇಕು ನಿಮಗೆ?" ಎಂದಳು. ಹಿರಿಯರು ಚೀಲವನ್ನು ಅಣ್ಣನ ಮುಂದೆ ತಂದಿಟ್ಟರು. ಅಣ್ಣ ಆಸ್ಪತ್ರೆಯಿಂದ ಬಂದ ನಿಶ್ಶಕ್ತಿಯಲ್ಲಿ ಚೀಲವನ್ನು ನಾಲ್ಕು ಹೆಜ್ಜೆ ಹೊತ್ತು ಮಗಳ ಕೈಗೆ ಕೊಟ್ಟ. ಹೆಣ್ಣುಮಗು ಹೊತ್ತದ್ದು ನಮ್ಮಲ್ಲಿ ಅದೇ ಮೊದಲು.

ಅಣ್ಣನಿಗೆ ನಲವತ್ತನಾಲ್ಕು ತುಂಬಿದ ವರ್ಷ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಕ್ಕ ಮೂರು ತಿಂಗಳಿಗೊಮ್ಮೆ ಅವನನ್ನು ಕರೆಸಿ ರಕ್ತ ತೆಗೆದು, ಡಾಕ್ಟರ ಮುಂದೆ ನಿಲ್ಲಿಸಿ, ಮಿರ್ಚಿ ಗಾಡಿಯ ಹತ್ತಿರ ಹೋಗದ ಹಾಗೆ ತಾವೇ ಬಸ್ಸಿಗೆ ಹತ್ತಿಸಿ ಬರುತ್ತಿದ್ದರು. ಅಂಕಿ ಸರಿಯಾಗಿದೆಯಲ್ಲ, ಇನ್ನಾದರೂ ನಿಲ್ಲಿಸಬಹುದೇ ಎಂದು ಅವನು ಕೇಳಿದರೆ, "ಬದು ನಿಂತೈತೆ ಅಂತ ನೀರು ನಿಂತೈತೆ. ಬದು ಒಡೆದು ನೋಡ್ತೀಯ?" ಎನ್ನುತ್ತಿದ್ದರು. ರೈತನಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ.

ನಿವೃತ್ತಿಯ ದಿನ ಅವರು ಭಾಷಣ ಮಾಡಲಿಲ್ಲ. ಹಾರ ಹಾಕಿಸಿಕೊಂಡು, ಹಾರ ಹಾಕಿದವರ ರೆಪ್ಪೆ ನೋಡಿ, ಜಗಳೂರಿನ ಬಸ್ ಹತ್ತಿದರು. ಆಮೇಲೆ ಫೋನಿನಲ್ಲಷ್ಟೇ ಸಿಗುತ್ತಿದ್ದರು. ಕಳೆದ ಎರಡು ವರ್ಷ ಕಿವಿ ಮಂದವಾಗಿ ಅದೂ ಕಡಿಮೆಯಾಗಿತ್ತು. ಹೋಗಿ ನೋಡಬೇಕಿತ್ತು. ಪರೀಕ್ಷೆ, ಮೌಲ್ಯಮಾಪನ, ಅದು ಇದು ಎಂದು ನಾನು ಹೋಗಲಿಲ್ಲ. ವಯಸ್ಸಾಗಿತ್ತು, ನಾಲ್ಕು ದಿನ ಜ್ವರ ಬಂತು, ಹೋದರು ಎಂದು ಅವರ ತಮ್ಮನ ಮಗಳು ಫೋನಿನಲ್ಲಿ ಹೇಳಿದಳು.

ದಾವಣಗೆರೆಯಲ್ಲಿ ಬಸ್ ಬದಲಿಸಿ, ಜಗಳೂರಿನಲ್ಲಿ ಆಟೋ ಹಿಡಿದು ನಾವು ಆ ಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮುಖ ಸಿಗಲಿಲ್ಲ. ಮನೆಯ ಮುಂದೆ ಶಾಮಿಯಾನದ ನೆರಳಲ್ಲಿ ಜಮಖಾನ ಹಾಸಿತ್ತು. ಮನೆಯವರು, ಓಣಿಯವರು ಒಂದು ಕಡೆ ಕೂತಿದ್ದರು. ಇನ್ನೊಂದು ಕಡೆ ನಮ್ಮ ಹಾಗೆ ಹೊರಗಿನಿಂದ ಬಂದ ಹದಿನೈದಿಪ್ಪತ್ತು ಜನ. ಅವರಲ್ಲಿ ಒಬ್ಬರಿಗೂ ಇನ್ನೊಬ್ಬರ ಪರಿಚಯವಿದ್ದ ಹಾಗೆ ಕಾಣಲಿಲ್ಲ. ಅಣ್ಣ ಹೋಗಿ ಅವರ ನಡುವೆ ಕೂತ.

ಪಕ್ಕದಲ್ಲಿದ್ದ ಬಿಳಿ ಮೀಸೆಯವರು ಅವನ ರೆಪ್ಪೆಯನ್ನು ದಿಟ್ಟಿಸಿ ನೋಡಿದರು. ಮಾಸಿದರೂ ಪೂರ್ತಿ ಹೋಗದ ಗುರುತು ಅಲ್ಲಿತ್ತು. ಅವರ ರೆಪ್ಪೆಯ ಮೇಲೂ ಇತ್ತು. "ನಾವು ನ್ಯಾಮತಿ ಹತ್ರದೋರು" ಎಂದರು. "ನಮ್ಮಪ್ಪ ನಲವತ್ತೆರಡಕ್ಕೆ ಹೋದ. ನನಗೀಗ ಅರವತ್ತಾರು."

"ನಮ್ಮಪ್ಪ ನಲವತ್ನಾಕು. ನಂಗೆ ಐವತ್ಮೂರು" ಎಂದ ಅಣ್ಣ.

ಹಿಂದಿನಿಂದ ಚನ್ನಗಿರಿ ಕಡೆಯ ಒಬ್ಬಾಕೆ, ಕೇಳದೆಯೇ, "ನಮ್ಮ ತಾಯಿ ಐವತ್ತಾಗ್ಲಿಲ್ಲ. ನಂಗೆ ಎಪ್ಪತ್ತೊಂದು ನಡೀತೈತೆ" ಎಂದರು. ಅದರಾಚೆ ಇನ್ನೊಬ್ಬರು ತಂದೆಯ ವಯಸ್ಸು ಹೇಳಿ ತಮ್ಮ ವಯಸ್ಸು ಹೇಳಿದರು. ಅದರಾಚೆ ಇನ್ನೊಬ್ಬರು. ನಾನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದೆ. ಆ ಜಮಖಾನದ ಮೇಲೆ ನಮ್ಮ ಕಡೆ ಕೂತಿದ್ದವರೆಲ್ಲ ತಮ್ಮನ್ನು ಹೆತ್ತವರಿಗಿಂತ ದೊಡ್ಡವರಾಗಿದ್ದರು.